ಪ್ರತಿಕ್ರಿಯೆ: ವಿಶ್ವವಿದ್ಯಾಲಯದ ಲೋಗೋ ಇರುವ ಟೀ ಶರ್ಟ್ ಮಾರಾಟ

ನಮಸ್ಕಾರ. ಗೇಟಿನ ಎದುರಿನ ಅಂಗಡಿ ನಿಮ್ಮ ವಿಶ್ವವಿದ್ಯಾಲಯದ ಲೋಗೋ ಹಾಕಿ ಟೀ ಶರ್ಟ್ ಮಾರುತ್ತಿದೆ, ತಡೆಯಬಹುದಾ ಎಂದು ಕೇಳಿದ್ದೀರಿ. ತಡೆಯಬಹುದು. ಆದರೆ ಮೊದಲು ಲೋಗೋ ಯಾರದು ಎಂದು ನೋಡಿ. ಹೊರಗಿನ ಕಲಾವಿದರು ಬರೆದುಕೊಟ್ಟಿದ್ದರೆ, ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರವಣಿಗೆಯಲ್ಲಿ ವರ್ಗಾಯಿಸಿರಬೇಕು. ಕಲಾವಿದರ ಬಿಲ್ ಹಣ ಕೊಟ್ಟ ಮಾತ್ರಕ್ಕೆ ಕಾಪಿರೈಟ್ (ಕೃತಿಯ ಮೇಲಿನ ಹಕ್ಕು) ಸಾಮಾನ್ಯವಾಗಿ ನಿಮ್ಮದಾಗುವುದಿಲ್ಲ. ಎಷ್ಟೋ ಕಡೆ ಎಡವುವುದು ಇಲ್ಲೇ.

ಆಮೇಲೆ 1999ರ ಟ್ರೇಡ್ ಮಾರ್ಕ್ (ವ್ಯಾಪಾರ ಚಿಹ್ನೆ) ಕಾಯ್ದೆಯಡಿ ಲೋಗೋದ ನೋಂದಣಿ. ಇದರಲ್ಲಿ ಸರಕು, ಸೇವೆಗಳನ್ನು ಸಂಖ್ಯೆ ಕೊಟ್ಟು ವರ್ಗಗಳಾಗಿ ವಿಂಗಡಿಸಿದ್ದಾರೆ. ಶಿಕ್ಷಣ 41ನೇ ವರ್ಗಕ್ಕೆ ಬರುತ್ತದೆ. ಅದೊಂದೇ ಸಾಲದು, ಬಟ್ಟೆಗೆ 25, ನೋಟ್‌ಬುಕ್, ಪೆನ್ನಿಗೆ 16 ಕೂಡ ಸೇರಿಸಿ. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಹಾಗಂತ ಸುಮ್ನೆ ಎಲ್ಲ ವರ್ಗಕ್ಕೂ ಅರ್ಜಿ ಹಾಕಬೇಡಿ. 5 ವರ್ಷಕ್ಕಿಂತ ಜಾಸ್ತಿ ಬಳಸದೆ ಬಿಟ್ಟರೆ ಬೇರೆಯವರು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಲೋಗೋದಲ್ಲಿ ನಾಲ್ಕು ಸಿಂಹಗಳ ರಾಷ್ಟ್ರಲಾಂಛನ ಇದ್ದರೆ ನೋಂದಣಿಯೇ ಸಿಗುವುದಿಲ್ಲ. ನೋಂದಣಿ ಆಗುವವರೆಗೆ ಲೋಗೋ ಪಕ್ಕ 'ಟಿಎಂ' (ಟ್ರೇಡ್ ಮಾರ್ಕ್) ಎಂದು ಹಾಕಿ. ನೋಂದಣಿಯಾಗಿದೆ ಎಂದು ಸೂಚಿಸುವ, ವೃತ್ತದೊಳಗಿನ 'ಆರ್' ಗುರುತನ್ನು ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ.

ಅಂಗಡಿಯವರ ಮೇಲೆ ನೇರವಾಗಿ ಕೇಸು ಹಾಕುವ ಬದಲು ಲೈಸೆನ್ಸ್, ಅಂದರೆ ಲೋಗೋ ಬಳಸಲು ಒಪ್ಪಂದದ ಮೂಲಕ ಅನುಮತಿ, ಕೊಡಿ ಎನ್ನುವುದು ನನ್ನ ಸಲಹೆ. ಅವರೂ ನಿಮ್ಮ ವಿದ್ಯಾರ್ಥಿಗಳನ್ನೇ ನಂಬಿ ಬದುಕುವವರು, ಅಲ್ವಾ? ಒಪ್ಪಂದದಲ್ಲಿ ಯಾವ ವಸ್ತು, ಎಷ್ಟು ಕಾಲ, ರಾಯಲ್ಟಿ (ಲೋಗೋ ಬಳಕೆಗೆ ಅವರು ನಿಮಗೆ ಕೊಡುವ ಹಣ) ಎಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ಮಾದರಿಯನ್ನು ನೀವು ನೋಡಿ ಒಪ್ಪಿದ ಮೇಲೆಯೇ ಮಾರಾಟ ಎಂಬ ಷರತ್ತು ಮಾತ್ರ ಬಿಡಲೇಬೇಡಿ. ಒಂದೇ ಒಗೆತಕ್ಕೆ ಬಣ್ಣ ಬಿಡುವ ಬಟ್ಟೆಯ ಮೇಲೆ ಇರುವುದು ನಿಮ್ಮ ಹೆಸರು. ಒಪ್ಪಂದಕ್ಕೆ ಅವರು ಒಪ್ಪದಿದ್ದರೆ ಆಗ ವಕೀಲರಿಂದ ನೋಟಿಸ್ ಕಳಿಸಿ.