ದೀಪ ಹತ್ತುತ್ತೆ, ಎಂಜಿನ್ ಓಡಲ್ಲ: ಹೊಸ ಡಿಕೋಡರ್ ತರಿಸುವ ಮುಂಚೆ ಇಷ್ಟು ನೋಡಿ

ವಾಸ್ಕೋದ ಸರ್, ನಿಮ್ಮ ಪ್ರಶ್ನೆ ಓದಿದೆ. ಸೆಕೆಂಡ್‌ಹ್ಯಾಂಡ್ ಎಚ್‌ಒ ಅಳತೆಯ ಮಾದರಿ ರೈಲಿನ ಡೀಸೆಲ್ ಎಂಜಿನ್, ಒಳಗೆ ಎಂಟು ಪಿನ್ನಿನ ಡಿಕೋಡರ್ (ಹಳಿಯ ಮೂಲಕ ಬರುವ ಆಜ್ಞೆ ಓದಿ ಮೋಟರ್, ದೀಪ ನಡೆಸುವ ಸಣ್ಣ ಬೋರ್ಡ್). ಮಳೆ ಹಿಡಿಯುವ ತನಕ ಚೆನ್ನಾಗಿತ್ತು. ಆಮೇಲೆ ಕರ್ವ್‌ನಲ್ಲಿರುವ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ, ಹಳಿಗೆ ಕರೆಂಟ್ ಮತ್ತು ಆಜ್ಞೆ ಕಳಿಸುವ ಕಮಾಂಡ್ ಸ್ಟೇಷನ್ ಆಗಾಗ ಟ್ರಿಪ್ ಆಗತೊಡಗಿತು. ಈಗ ದೀಪ ಹತ್ತುತ್ತೆ, ಮೋಟರ್ ಅಲ್ಲಾಡಲ್ಲ. ಡಿಕೋಡರ್ ಸೆಟ್ಟಿಂಗಿಗೆಂದೇ ಇರುವ ಪ್ರೋಗ್ರಾಮಿಂಗ್ ಟ್ರ್ಯಾಕಿನ ಮೇಲಿಟ್ಟು ಸಿವಿ (ಡಿಕೋಡರಿನೊಳಗಿನ ನಂಬರ್ ಹಾಕಿದ ಸೆಟ್ಟಿಂಗ್) ಓದಿಸಿದರೆ ಎರರ್ ಬರುತ್ತೆ. ಡಿಕೋಡರ್ ಸತ್ತಿದೆ, ಹೊಸದು ಆರ್ಡರ್ ಮಾಡ್ತೀನಿ ಅಂದಿದ್ದೀರಿ.

ದಯವಿಟ್ಟು ಇವತ್ತೇ ಆರ್ಡರ್ ಮಾಡಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಡಿಕೋಡರ್ ಬದುಕಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ದೋಷ ಎಂಜಿನ್ನಿನ ವೈರಿಂಗಿನಲ್ಲಿದ್ದರೆ ಹೊಸ ಡಿಕೋಡರ್ ಹಾಕಿದ ಕ್ಷಣವೇ ಅದೂ ಸುಟ್ಟುಹೋಗಬಹುದು. ದುಡ್ಡೂ ಹೋಯಿತು, ಕಾರಣವೂ ತಿಳಿಯಲಿಲ್ಲ.

ಮೊದಲು ಬಾಡಿ ಬಿಚ್ಚದೆಯೇ ಒಂದು ಪರೀಕ್ಷೆ. ಎಂಜಿನ್ನನ್ನು ಮೇನ್ ಟ್ರ್ಯಾಕಿನ ಮೇಲಿಟ್ಟು ಹ್ಯಾಂಡ್‌ಸೆಟ್‌ನಲ್ಲಿ ಎಫ್0 (ದೀಪದ ಬಟನ್) ಒತ್ತಿ. ದೀಪ ಹತ್ತಿ ಆರುತ್ತಾ? ದಿಕ್ಕು ಬದಲಿಸಿದರೆ ಮುಂದಿನ ದೀಪ ಆರಿ ಹಿಂದಿನದು ಹತ್ತುತ್ತಾ? ಎರಡೂ ಸರಿ ಇದ್ದರೆ ಹಳಿಯಿಂದ ಕರೆಂಟ್ ಬರುತ್ತಿದೆ, ಡಿಕೋಡರ್ ನಿಮ್ಮ ಅಡ್ರೆಸ್ ಗುರುತಿಸುತ್ತಿದೆ, ಆಜ್ಞೆ ಪಾಲಿಸುತ್ತಿದೆ ಅಂತ ಅರ್ಥ. ಉಳಿದದ್ದು ಮೋಟರ್ ಕಡೆ ಮಾತ್ರ. ಎಫ್0 ಒತ್ತಿದರೂ ಒತ್ತದಿದ್ದರೂ ದೀಪ ಸುಮ್ಮನೆ ಉರಿಯುತ್ತಲೇ ಇದ್ದರೆ ಮಾತ್ರ ಕಥೆ ಬೇರೆ. ಆಗ ದೀಪದ ವೈರ್ ಎಲ್ಲೋ ಚಾಸಿಗೆ ತಾಗಿದೆ ಅಥವಾ ಡಿಕೋಡರಿನ ಆ ಔಟ್‌ಪುಟ್ ಹೋಗಿದೆ.

ದೀಪ ಮಾತು ಕೇಳುತ್ತೆ, ಮೋಟರ್ ಕೇಳಲ್ಲ ಅನ್ನುವುದಕ್ಕೆ ಬಿಡಿಗಾಸು ಖರ್ಚಿಲ್ಲದ ಒಂದು ಕಾರಣವೂ ಇದೆ, ಸಿವಿ 19. ಎರಡು ಎಂಜಿನ್ ಜೋಡಿಸಿ ಒಂದೇ ನಂಬರಿನಲ್ಲಿ ಓಡಿಸುವಾಗ ಆ ಜೋಡಿಯ ನಂಬರ್ ಇಲ್ಲಿ ಕೂರುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಎಂಜಿನ್ ತನ್ನ ಸ್ವಂತ ನಂಬರಿನಲ್ಲಿ ವೇಗದ ಆಜ್ಞೆ ಕೇಳುವುದಿಲ್ಲ, ದೀಪ ಮಾತ್ರ ಹತ್ತುತ್ತದೆ. ಸೆಕೆಂಡ್‌ಹ್ಯಾಂಡ್ ಎಂಜಿನ್ನುಗಳಲ್ಲಿ ಇದು ಸಾಮಾನ್ಯ. ನಿಮ್ಮದು ಮೊದಲು ಓಡಿದೆ, ನಿಜ. ಆದರೂ ಹ್ಯಾಂಡ್‌ಸೆಟ್‌ನಲ್ಲಿ ಕೈತಪ್ಪಿ ಜೋಡಿ ಆಗಿರಬಹುದು. ಮೇನ್ ಟ್ರ್ಯಾಕಿನಲ್ಲೇ ಪ್ರೋಗ್ರಾಮ್ ಮಾಡುವ ಮೋಡ್‌ಗೆ ಹೋಗಿ ಸಿವಿ 19ಕ್ಕೆ 0 ಬರೆಯಿರಿ. ಈ ಮೋಡ್‌ನಲ್ಲಿ ಡಿಕೋಡರಿನಿಂದ ಉತ್ತರ ಬರಬೇಕಾಗಿಲ್ಲ, ಹಾಗಾಗಿ ಓದುವಾಗ ಎರರ್ ಬಂದರೂ ಬರೆಯುವುದಕ್ಕೆ ಅಡ್ಡಿ ಇಲ್ಲ.

ಆದರೆ ನನ್ನ ಅನುಮಾನ ಬೇರೆ ಕಡೆ ಇದೆ, ಅದಕ್ಕೆ ಕಾರಣ ಆ ಎರರ್. ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿ ಡಿಕೋಡರ್ ‘ಹೌದು’ ಅನ್ನುವುದು ಹೇಗೆ ಗೊತ್ತಾ? ಸುಮಾರು 6 ಮಿಲಿಸೆಕೆಂಡ್ ಕಾಲ ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಕಮಾಂಡ್ ಸ್ಟೇಷನ್ ಆ ಏರಿಕೆಯನ್ನೇ ಉತ್ತರ ಅಂತ ಓದಿಕೊಳ್ಳುತ್ತದೆ. ಆ ಕರೆಂಟನ್ನು ಡಿಕೋಡರ್ ಸಾಮಾನ್ಯವಾಗಿ ಎಳೆಯುವುದು ಮೋಟರ್ ಮೂಲಕವೇ. ಓದಿಸುವಾಗ ಎಂಜಿನ್ ಸಣ್ಣಗೆ ಜಗ್ಗುವುದು ಇದಕ್ಕೇ. ಮೋಟರಿನ ವೈರ್ ಕಡಿದಿದ್ದರೆ ಡಿಕೋಡರ್ ಎಷ್ಟೇ ಆರೋಗ್ಯವಾಗಿದ್ದರೂ ಉತ್ತರ ಕೊಡಲಾರದು. ಚಕ್ರ ಕೊಳಕಾಗಿದ್ದರೂ, ಕರೆಂಟ್ ಹಿಡಿದಿಡುವ ದೊಡ್ಡ ಕೆಪಾಸಿಟರ್ ಜೋಡಿಸಿದ್ದರೂ ಇದೇ ಎರರ್ ಬರುತ್ತೆ, ಅದನ್ನು ಮೊದಲು ನೋಡಿಕೊಳ್ಳಿ. ಅವೆರಡೂ ಅಲ್ಲವಾದರೆ ಬಾಡಿ ಬಿಚ್ಚುವ ಹೊತ್ತು ಬಂತು.

ಬಿಚ್ಚಿದ ಮೇಲೆ ಡಿಕೋಡರನ್ನು ಸಾಕೆಟ್‌ನಿಂದ ಕಿತ್ತು ಪಕ್ಕಕ್ಕಿಡಿ. ವೈರ್ ಹಿಡಿದು ಎಳೆಯಬೇಡಿ, ಪ್ಲಗ್ ಹಿಡಿದು ನೇರ ಮೇಲಕ್ಕೆ ಎತ್ತಿ. ಸಾಕೆಟ್‌ನಲ್ಲಿ 1 ಮತ್ತು 5 ಮೋಟರಿನವು, ಡಿಕೋಡರ್ ಕಡೆಯಿಂದ ಕಿತ್ತಳೆ ಮತ್ತು ಬೂದು ವೈರ್. 4 ಮತ್ತು 8 ಹಳಿಯಿಂದ ಬರುವವು, ಕಪ್ಪು ಮತ್ತು ಕೆಂಪು. ಬಿಳಿ, ಹಳದಿ, ನೀಲಿ ದೀಪದವು, ಅವನ್ನು ಸದ್ಯಕ್ಕೆ ಬಿಡಿ.

ಈಗ ಒಂದು 9 ವೋಲ್ಟಿನ ಬ್ಯಾಟರಿಯಿಂದ ಎರಡು ತೆಳು ವೈರ್ ತೆಗೆದು 1 ಮತ್ತು 5ಕ್ಕೆ ಮುಟ್ಟಿಸಿ. ಮೋಟರ್ ತಿರುಗಬೇಕು. ತಿರುಗದಿದ್ದರೆ ಸಾಕೆಟ್‌ನಿಂದ ಬ್ರಷ್ (ತಿರುಗುವ ಕಮ್ಯುಟೇಟರಿಗೆ ಒತ್ತಿ ಕರೆಂಟ್ ಕೊಡುವ ತುಂಡು) ತನಕದ ದಾರಿಯಲ್ಲೇ ದೋಷ ಇದೆ: ಬೆಸುಗೆ ಬಿಟ್ಟಿದೆ, ವೈರ್ ತುಂಡಾಗಿದೆ, ಇಲ್ಲವೇ ಬ್ರಷ್ ಸವೆದಿದೆ. ಅದೇ ಬ್ಯಾಟರಿಯನ್ನು ನೇರವಾಗಿ ಮೋಟರಿನ ಟರ್ಮಿನಲ್‌ಗೆ ಮುಟ್ಟಿಸಿದರೆ ಯಾವುದು ಅಂತ ಗೊತ್ತಾಗುತ್ತೆ. ಸಾಕೆಟ್‌ನಲ್ಲಿ ಸತ್ತ ಹಾಗಿದ್ದು ಟರ್ಮಿನಲ್‌ನಲ್ಲಿ ತಿರುಗಿದರೆ ವೈರ್. ಎರಡೂ ಕಡೆ ತಿರುಗದಿದ್ದರೆ ಬ್ರಷ್ ಮತ್ತು ಕಮ್ಯುಟೇಟರ್ ನೋಡಿ. ಮೋಟರಿನ ಶಾಫ್ಟಿನಲ್ಲಿರುವ ಭಾರದ ಚಕ್ರ, ಅಂದರೆ ಫ್ಲೈವ್ಹೀಲನ್ನು, ಬೆರಳಿನಿಂದ ನಿಧಾನ ತಿರುಗಿಸುತ್ತಾ ಮೀಟರಿನಲ್ಲಿ ಓಮ್ಸ್ ಗಮನಿಸಿ. ಸ್ವಲ್ಪ ಏರಿಳಿತ ಸಹಜ, ಒಂದು ಜಾಗದಲ್ಲಿ ಪೂರ್ತಿ ಓಪನ್ ಆದರೆ ಅಲ್ಲಿ ಕೊಳೆ ಕೂತಿದೆ.

ಬ್ಯಾಟರಿಗೆ ಮೋಟರ್ ಚೆನ್ನಾಗಿ ತಿರುಗಿದರೂ ಇಲ್ಲಿಗೆ ನಿಲ್ಲಿಸಬೇಡಿ. ಹೊಸ ಡಿಕೋಡರುಗಳನ್ನು ಕೊಲ್ಲುವುದು ಬಹುತೇಕ ಈ ಮುಂದಿನ ಅಳತೆ ಬಿಟ್ಟುಬಿಡುವುದರಿಂದಲೇ. ಮೀಟರನ್ನು ಬೀಪ್ ಮೋಡ್‌ಗೆ ಹಾಕಿ 1ರಿಂದ 4ಕ್ಕೆ, 1ರಿಂದ 8ಕ್ಕೆ, 5ರಿಂದ 4ಕ್ಕೆ, 5ರಿಂದ 8ಕ್ಕೆ ನೋಡಿ. ನಾಲ್ಕರಲ್ಲಿ ಒಂದೂ ಬೀಪ್ ಆಗಬಾರದು. ಡಿಕೋಡರ್ ಇಲ್ಲದೆ ಹಳಿಯ ಕರೆಂಟಿನಿಂದ ನೇರ ಓಡುವ ಹಳೆಯ ಡಿಸಿ ಎಂಜಿನ್ನುಗಳಲ್ಲಿ ಚಾಸಿಯೇ ಒಂದು ಕಡೆಯ ವೈರ್ ಇದ್ದ ಹಾಗೆ, ಮೋಟರಿನ ಒಂದು ಬ್ರಷ್ ಅದಕ್ಕೇ ತಾಗಿರುತ್ತದೆ. ಡಿಸಿಯಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಡಿಸಿಸಿಯಲ್ಲಿ (ಡಿಕೋಡರ್ ಬಳಸುವ ಈ ಡಿಜಿಟಲ್ ವ್ಯವಸ್ಥೆಯಲ್ಲಿ) ಹಳಿಯ ಪೂರ್ತಿ ವೋಲ್ಟೇಜ್ ನೇರವಾಗಿ ಡಿಕೋಡರಿನ ಮೋಟರ್ ಔಟ್‌ಪುಟ್‌ಗೆ ಹಿಂದಿನಿಂದ ನುಗ್ಗಿ ಅಲ್ಲಿನ ಟ್ರಾನ್ಸಿಸ್ಟರುಗಳನ್ನು ಸುಡುತ್ತದೆ.

ಅಳೆಯುವಾಗ ಎಂಜಿನ್ನನ್ನು ಟೇಬಲ್ ಮೇಲೆ ಸುಮ್ಮನೆ ಇಟ್ಟು ಅಳೆಯಬೇಡಿ. ಎರಡೂ ಬೋಗಿಗಳನ್ನು (ಎಂಜಿನ್ನಿನ ಅಡಿಯಲ್ಲಿ ಚಕ್ರಗಳಿರುವ, ತಿರುಗುವ ಚೌಕಟ್ಟುಗಳು) ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸುತ್ತಾ ಅಳೆಯಿರಿ, ಜೊತೆಗೆ 4 ಮತ್ತು 8ರ ನಡುವೆಯೂ ನೋಡಿ. ಟ್ರಿಪ್ ಆಗುತ್ತಿದ್ದದ್ದು ಕರ್ವ್‌ನಲ್ಲೇ ಅಂದಿರಲ್ಲ, ಅದು ನನಗೆ ದೊಡ್ಡ ಸುಳಿವು. ಪುಣೆಯ ಗೆಳೆಯರೊಬ್ಬರ ಎಂಜಿನ್ನಿನಲ್ಲಿ ಹೀಗೇ ಆಗಿತ್ತು. ನೇರ ಹಳಿಯಲ್ಲಿ ಎಲ್ಲ ಸರಿ. ಬೋಗಿ ಬಲಕ್ಕೆ ತಿರುಗಿದಾಗ ಕಪ್ಪು ವೈರ್ ಮೇಲಕ್ಕೆದ್ದು ಫ್ಲೈವ್ಹೀಲಿಗೆ ಉಜ್ಜುತ್ತಿತ್ತು. ಕಪ್ಪು ಪ್ಲಾಸ್ಟಿಕ್ ಒಂದು ಕಡೆ ಸವೆದು ತಾಮ್ರ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಹಾದುಹೋಗಿದ್ದ ಕಿತ್ತಳೆ ವೈರ್ ಒಂದೆರಡು ಎಳೆಯ ಮೇಲೆ ಜೋತಾಡುತ್ತಿತ್ತು. ಮೊದಲು ಟ್ರಿಪ್, ಆಮೇಲೆ ಮೋಟರ್ ಬಂದ್. ನಿಮ್ಮಲ್ಲಿಯೂ ಅದೇ ಕ್ರಮ ಇದೆ. ಅವರ ಡಿಕೋಡರಿಗೆ ಏನೂ ಆಗಿರಲಿಲ್ಲ. ತೆಳು ವೈರ್ ಬದಲಿಸಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ವೈರನ್ನು ಮುಚ್ಚುವ ಕೊಳವೆ) ಹಾಕಿ, ಫ್ಲೈವ್ಹೀಲಿನಿಂದ ದೂರ ಸರಿಸಿ ಬಿಸಿ ತಡೆಯುವ ಹಳದಿ ಕ್ಯಾಪ್ಟನ್ (Kapton) ಟೇಪಿನಿಂದ ಚಾಸಿಗೆ ಅಂಟಿಸಿದೆವು. ಕಪ್ಪು ಇನ್ಸುಲೇಷನ್ ಟೇಪ್ ಮಾತ್ರ ಬೇಡ. ನಮ್ಮ ಕರಾವಳಿಯ ಸೆಕೆಗೆ, ಮೋಟರಿನ ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ. ಕ್ಯಾಪ್ಟನ್ ಟೇಪ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣ ಎರಡೂ ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಇರುತ್ತವೆ. ಹೀಟ್‌ಶ್ರಿಂಕ್, ತೆಳು ವೈರ್ ಅಲ್ಲಿ ಸಿಗದಿದ್ದರೆ ಹೇಳಿ, ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ ತಂದು ಕಳಿಸುತ್ತೇನೆ.

ವೈರ್‌ಗಳೆಲ್ಲ ಸರಿ ಇದ್ದೂ ಪಾಯಿಂಟ್‌ನಲ್ಲಿ ಟ್ರಿಪ್ ಆಗುತ್ತಿದ್ದರೆ ಚಕ್ರಗಳ ಒಳ ಅಂತರ ಅಳೆಯಿರಿ. ಯುರೋಪಿನ ಎಚ್‌ಒ ಅಳತೆಯಲ್ಲಿ 14.3 ಮಿಲಿಮೀಟರ್ ಆಸುಪಾಸು ಇರಬೇಕು. ಕಡಿಮೆಯಾಗಿದ್ದರೆ ಚಕ್ರದ ಬೆನ್ನು ಪಾಯಿಂಟಿನ ಇನ್ನೊಂದು ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಜೊತೆಗೆ, ಲೇಔಟಿನ ಅತಿ ದೂರದ ಮೂಲೆಯಲ್ಲಿ ಎರಡು ಹಳಿಗಳ ಮೇಲೆ ಒಂದು ಐದು ರೂಪಾಯಿ ನಾಣ್ಯ ಅಡ್ಡ ಇಟ್ಟು ನೋಡಿ. ಕಮಾಂಡ್ ಸ್ಟೇಷನ್ ತಕ್ಷಣ ಟ್ರಿಪ್ ಆಗಲೇಬೇಕು. ಆಗದಿದ್ದರೆ ನಾಣ್ಯ ಕೂಡಲೇ ತೆಗೆಯಿರಿ. ಅಲ್ಲಿನ ಹಳಿಗೆ ಕರೆಂಟ್ ಒಯ್ಯುವ ಫೀಡರ್ ವೈರ್ ತೀರಾ ತೆಳುವಾಗಿದೆ ಅಥವಾ ಹಳಿ ಜೋಡಿಸುವ ಜಾಯಿನರ್ ಸಡಿಲವಾಗಿದೆ. ಹಾಗೆ ಬಿಟ್ಟರೆ ಮುಂದೊಂದು ದಿನ ಶಾರ್ಟ್ ಆದಾಗ ಟ್ರಿಪ್ ಆಗದೆ ಬೋಗಿಯ ಪ್ಲಾಸ್ಟಿಕ್ಕೇ ಕರಗುತ್ತದೆ.

ಮಳೆಗಾಲದ ಬಗ್ಗೆ. ಬಂದರಿನ ಊರು, ಉಪ್ಪಿನ ಗಾಳಿ. ಚಕ್ರದ ಹಿಂದೆ ತಾಗುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಕೂತಿದೆಯಾ ನೋಡಿ. ಇಯರ್‌ಬಡ್‌ಗೆ ಐಪಿಎ ಹಚ್ಚಿ ಒರೆಸಿದರೆ ಸಾಕು. ಹಳಿಗಾಗಲಿ ಚಕ್ರಕ್ಕಾಗಲಿ ಮರಳು ಕಾಗದ ಹಚ್ಚಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಓಡಿಸದ ದಿನಗಳಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಇದೇ ಚರ್ಚೆಯಲ್ಲಿ ಪುಣೆಯವರೊಬ್ಬರು ವೇಗ ಏರಿಸಿದ ಹಾಗೆ ಹೆಡ್‌ಲೈಟ್ ಹತ್ತಿ ಆರುತ್ತೆ ಅಂತ ಕೇಳಿದ್ದಾರೆ. ಅದು ವೈರಿನ ತೊಂದರೆ ಅಲ್ಲ. ಪುಣೆಯ ಸರ್, ನಿಮ್ಮ ಹ್ಯಾಂಡ್‌ಸೆಟ್ 28 ಅಥವಾ 128 ಹಂತದಲ್ಲಿ ವೇಗ ಕಳಿಸುತ್ತಿದೆ, ಡಿಕೋಡರ್ 14 ಹಂತ ಅಂತ ತಿಳಿದಿದೆ. ಸಿವಿ 29ರಲ್ಲಿ 4 ಇದ್ದರೆ 6 ಮಾಡಿ, ಉದ್ದ ಅಡ್ರೆಸ್ ಬಳಸುತ್ತಿದ್ದು 36 ಇದ್ದರೆ 38.

ವಾಸ್ಕೋದ ಸರ್, ಸಿವಿ 8ಕ್ಕೆ 8 ಬರೆದು ರೀಸೆಟ್ ಮಾಡಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ. ಬಹಳಷ್ಟು ಕಂಪನಿಗಳ ಡಿಕೋಡರಿನಲ್ಲಿ ಅದು ಕೆಲಸ ಮಾಡುತ್ತೆ, ಆದರೆ ಅಡ್ರೆಸ್ 3ಕ್ಕೆ ಹೋಗಿ ಹಳೆಯ ಸೆಟ್ಟಿಂಗ್ ಎಲ್ಲ ಅಳಿಸುತ್ತದೆ, ಕಡಿದ ವೈರ್ ಅದರಿಂದ ಕೂಡುವುದಿಲ್ಲ. ಎಂಜಿನ್ ಜೊತೆ ಡಮ್ಮಿ ಪ್ಲಗ್ (ಡಿಕೋಡರ್ ಬದಲು ಹಾಕುವ ಪ್ಲಗ್) ಬಂದಿದ್ದರೆ ಅದನ್ನು ಸಾಕೆಟ್‌ಗೆ ಹಾಕಿ ಡಿಸಿ ಕಂಟ್ರೋಲರಿನಲ್ಲಿ ಓಡಿಸಿ ನೋಡಿ. ಎರಡೂ ದಿಕ್ಕಿನಲ್ಲಿ, ಕರ್ವ್‌ನಲ್ಲಿ ಚೆನ್ನಾಗಿ ಓಡಿ, ಮೇಲಿನ ನಾಲ್ಕೂ ಅಳತೆ ಸರಿ ಬಂದು, ಚಕ್ರವೂ ಶುಚಿಯಾಗಿದ್ದು, ಡಿಕೋಡರ್ ಹಾಕಿದಾಗ ಮಾತ್ರ ನಿಂತರೆ, ಆಗ ಡಿಕೋಡರಿನ ಮೋಟರ್ ಔಟ್‌ಪುಟ್ ಹೋಗಿದೆ. ಆಗ ಧೈರ್ಯವಾಗಿ ಹೊಸದು ತರಿಸಿ.

ನಾಲ್ಕು ಬೀಪ್ ಫಲಿತಾಂಶ, ಬ್ಯಾಟರಿಗೆ ಮೋಟರ್ ತಿರುಗಿತೋ ಇಲ್ಲವೋ, ಮತ್ತೆ ಎರಡೂ ಬೋಗಿಗಳ ಮೇಲಿನ ವೈರುಗಳ ಒಂದು ಫೋಟೋ ಇಲ್ಲೇ ಹಾಕಿ. ರಾತ್ರಿ ಹತ್ತರ ಮೇಲೆ ನಾನು ಇರ್ತೀನಿ, ನೋಡಿ ಹೇಳ್ತೀನಿ.