ಮೂರನೇ ಗಾಲಿಯಿಂದ ಶುರುಮಾಡಿ

ನಮಸ್ಕಾರ,

ವಿಮಾನ ಹಾರಿಸಿದ ರೈಟ್ ಸಹೋದರರ ಬಗ್ಗೆ ನೀವು ಕಳಿಸಿದ ‘ಸೈಕಲ್ ಅಂಗಡಿಯಿಂದ ಆಕಾಶಕ್ಕೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ತಿದ್ದಿಕೊಟ್ಟರೆ ಖಂಡಿತ ಹಾಕುತ್ತೇನೆ, ಅದಕ್ಕೇ ಇಷ್ಟುದ್ದದ ಪತ್ರ.

ಪುಷ್ಪಕ ವಿಮಾನದ ಎರಡು ಪ್ಯಾರಾ ತೆಗೆಯಿರಿ. ವಿಮಾನ ಅಂದರೆ ಸಾಕು, ನಮಗೆ ಬರುವ ಲೇಖನಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ‘ಕನಸಿಗೆ ರೆಕ್ಕೆ ಮೂಡಿತು’ ಕೂಡ ಹೋಗಲಿ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ನಾಲ್ಕನೇ ಪುಟದಲ್ಲಿ: 1901ರಲ್ಲಿ ರೈಟ್ ಸಹೋದರರು ಸೈಕಲ್ ಹ್ಯಾಂಡಲ್ ಮುಂದೆ ಮೂರನೇ ಗಾಲಿಯೊಂದನ್ನು ಮಲಗಿಸಿ ಕಟ್ಟಿದರಲ್ಲ, ಅಲ್ಲಿ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ! ಆ ಗಾಲಿಯ ಅಂಚಿಗೆ ಒಂದು ಚಪ್ಪಟೆ ಫಲಕ, ಒಂದು ಬಾಗಿದ ಪುಟ್ಟ ರೆಕ್ಕೆ ನಿಲ್ಲಿಸಿ ತಮ್ಮೂರು ಡೇಟನ್ನಿನ ಬೀದಿಗಳಲ್ಲಿ ಪೆಡಲ್ ತುಳಿದರು. ರೆಕ್ಕೆಯನ್ನು ಗಾಳಿ ಎಷ್ಟು ಎತ್ತುತ್ತದೆಂದು ಲೆಕ್ಕ ಹಾಕಿದ್ದ ಜರ್ಮನಿಯ ಗ್ಲೈಡರ್ ಹಾರಾಟಗಾರ ಲಿಲಿಯೆಂಥಾಲ್‌ನ ಕೋಷ್ಟಕದ ಪ್ರಕಾರ, ರೆಕ್ಕೆ 5 ಡಿಗ್ರಿ ವಾಲಿದರೆ ಫಲಕದ ಮೇಲಿನ ಗಾಳಿಯ ಒತ್ತಡಕ್ಕೆ ಸರಿಸಮವಾಗಿ ಗಾಲಿ ತಿರುಗದೆ ನಿಲ್ಲಬೇಕಿತ್ತು. ನಿಲ್ಲಲು 18 ಡಿಗ್ರಿ ಬೇಕಾಯಿತು. ಕೋಷ್ಟಕವೇ ತಪ್ಪಿರಬಹುದೆಂಬ ಅನುಮಾನ ಹಿಡಿದೇ ಅವರು ಗಾಳಿಸುರಂಗ, ಅಂದರೆ ಪುಟ್ಟ ರೆಕ್ಕೆಗಳ ಮೇಲೆ ಗಾಳಿ ಬೀಸಿ ಅಳೆಯುವ ಪೆಟ್ಟಿಗೆ, ಕಟ್ಟಿದ್ದು. ಅದರೊಳಗಿನ ತಕ್ಕಡಿಗಳೂ ಸೈಕಲ್ ಕಡ್ಡಿ, ಹ್ಯಾಕ್ಸಾ ಬ್ಲೇಡುಗಳಿಂದಲೇ ಆದವು.

ಒಂದು ತಪ್ಪಿದೆ. ಅವರ ಮೊದಲ ಎಂಜಿನ್ ವಿಮಾನವಾದ 1903ರ ಫ್ಲೈಯರ್‌ಗೆ ಸೈಕಲ್ ಗಾಲಿ ಇರಲಿಲ್ಲ, ಅದು ಇಳಿಯುತ್ತಿದ್ದುದು ಜಾರುವ ಮರದ ಪಟ್ಟಿಗಳ ಮೇಲೆ. ಸೈಕಲ್ ಹಬ್ ಇದ್ದದ್ದು ಅದನ್ನು ಹೊತ್ತು ಹಳಿಯ ಮೇಲೆ ಓಡಿದ ಪುಟ್ಟ ಟ್ರಾಲಿಯಲ್ಲಿ. ಎಂಜಿನ್‌ನಿಂದ ಪ್ರೊಪೆಲರ್‌ಗಳನ್ನು ತಿರುಗಿಸುತ್ತಿದ್ದ ಚೈನಿನ ಭಾಗ ಚೆನ್ನಾಗಿದೆ, ಆದರೆ ಒಂದು ಚೈನನ್ನು 8ರ ಹಾಗೆ ತಿರುಚಿ ಹಾಕಿದ್ದೇಕೆಂದು ಹೇಳಿಲ್ಲ. ಎರಡು ಪ್ರೊಪೆಲರ್‌ಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಲಿ ಎಂದು.

ಈಗ ನನ್ನ ನಿಜವಾದ ತಕರಾರು. ಚೈನು, ಹಬ್ಬು, ಕಡ್ಡಿ ಎಂದು ಸಾಮಾನಿನ ಪಟ್ಟಿ ಕೊಟ್ಟಿದ್ದೀರಿ. ಸೈಕಲ್ ಅವರಿಗೆ ಕಲಿಸಿದ್ದು ಸಾಮಾನಿಗಿಂತ ದೊಡ್ಡದು. ಆಗ ಹಾರುವ ಯಂತ್ರ ಕಟ್ಟುತ್ತಿದ್ದ ಬಹಳ ಜನ ತಾನಾಗಿ ನೆಟ್ಟಗೆ ನಿಲ್ಲುವ ಯಂತ್ರಕ್ಕಾಗಿ ಒದ್ದಾಡುತ್ತಿದ್ದರು. ಬಿಟ್ಟರೆ ಬೀಳುವ ಗಾಡಿಯನ್ನೂ ಮನುಷ್ಯ ಓಡಿಸಬಲ್ಲ, ತಿರುವಿನಲ್ಲಿ ಅದನ್ನು ವಾಲಿಸಬೇಕು ಎನ್ನುವುದು ಸೈಕಲ್ ಮಾರುವ ಈ ಇಬ್ಬರಿಗೆ ಮೈಗೇ ಗೊತ್ತಿತ್ತು. ಗಾಳಿಯಲ್ಲಿ ವಾಲಿಸುವ ದಾರಿ 1899ರಲ್ಲಿ ಸಿಕ್ಕಿದ್ದೂ ಅಂಗಡಿಯಲ್ಲೇ: ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯನ್ನು ಸಹೋದರರಲ್ಲೊಬ್ಬನಾದ ವಿಲ್ಬರ್ ಸುಮ್ಮನೆ ತಿರುಚುತ್ತಾ ನಿಂತಿದ್ದಾಗ, ರೆಕ್ಕೆಗಳನ್ನೂ ಹೀಗೇ ತಿರುಚಬಹುದೆಂದು ಹೊಳೆಯಿತು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು, ಮೊಣಕಾಲು ತರಚಿಕೊಂಡು ಕಲಿತೆ ಎಂದು ಜೊತೆಗಿಟ್ಟ ಚೀಟಿಯಲ್ಲಿ ಬರೆದಿದ್ದೀರಿ. ಲೇಖನಕ್ಕಿಂತ ಆ ಚೀಟಿಯೇ ಚೆನ್ನಾಗಿತ್ತು. ಅದನ್ನು ವಿಲ್ಬರನ ಡಬ್ಬಿಯ ಪಕ್ಕದಲ್ಲಿಟ್ಟು ಬರೆಯಿರಿ.

1200 ಪದ ಮೀರುವುದು ಬೇಡ. ಮುಂದಿನ ತಿಂಗಳ 10ರೊಳಗೆ ಬರಲಿ. ಚೈನಿನ ಚಿತ್ರ ನೀವೇ ಬಿಡಿಸಿದ್ದಾದರೆ ಅದನ್ನೂ ಕಳಿಸಿ.

ಇಂತಿ,
ಸಂಪಾದಕ