ಐದಕ್ಕೂ ಒಂದೇ ಮಾರ್ಕ್ ಬೇಡ ಮಾರಾಯ್ರೆ

ಕಾದಂಬರಿ, ಕವನ, ಪ್ರವಾಸಕಥನ, ಯಕ್ಷಗಾನ ಪ್ರಸಂಗ, ಅಡಿಕೆ ಕೈಪಿಡಿ – ಐದು ಪುಸ್ತಕವನ್ನೂ ಮುಗಿಸಿ ಒಟ್ಟಿಗೆ ಕೂತು ಅನಿಸಿಕೆ ಬರೆದಿದ್ದೀರಿ, ಎಲ್ಲದಕ್ಕೂ ಐದರಲ್ಲಿ ಮೂರು. ನಾನೂ ಮಾಡಿದ್ದ ತಪ್ಪೇ. ಹಾಗೆ ಬರೆದರೆ ಕೊನೆಗೆ ಓದಿದ್ದು ಮಾತ್ರ ನೆನಪಲ್ಲಿರುತ್ತದೆ, ಉಳಿದದ್ದಕ್ಕೆ ಬೆನ್ನುಡಿಯ ಮಾತೇ ಬಾಯಿಗೆ ಬರುತ್ತದೆ.

ಪ್ರಸಂಗಕ್ಕೆ "ಸಂಭಾಷಣೆಯೇ ಇಲ್ಲ, ಒಣ ಒಣ" ಅಂದಿದ್ದೀರಲ್ಲ, ಅದರಲ್ಲಿ ಇರುವುದೇ ಪದ್ಯ. ಅರ್ಥ, ಅಂದರೆ ಪದ್ಯ ಹಿಡಿದು ಆಗಲೇ ಕಟ್ಟಿ ಆಡುವ ಮಾತು, ಹುಟ್ಟುವುದು ರಂಗಸ್ಥಳದಲ್ಲಿ, ಇಲ್ಲವೇ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಕೂಟದಲ್ಲಿ. ಪದ್ಯದ ತಲೆಯ ಮೇಲಿನ ರಾಗ ತಾಳವನ್ನು ಹಾರಿಸಿದ್ದೀರಿ ಅಂತ ಕಾಣ್ತದೆ. ಭಾಮಿನಿ ಷಟ್ಪದಿ (ಆರು ಸಾಲಿನ ಪದ್ಯ) ಬಂದಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಅಂತ ಬೆರಳಲ್ಲಿ ಎಣಿಸಿ: 1, 2, 4, 5ನೇ ಸಾಲಿಗೆ 14 ಮಾತ್ರೆ (ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು), 3 ಮತ್ತು 6ಕ್ಕೆ 23. ವಾರ್ಧಕ ಷಟ್ಪದಿ ಐದೈದರ ನಡೆ, ಅವೇ ಸಾಲುಗಳಿಗೆ 20 ಮತ್ತು 32. ಲೆಕ್ಕ ತಪ್ಪಿದರೆ ಅಚ್ಚಿನವರನ್ನು ಬೈಯುವ ಮೊದಲು ಒತ್ತಕ್ಷರದ ಹಿಂದಿನ ಅಕ್ಷರ ನೋಡಿ, ಅದು ಗುರು, ಎರಡು ಮಾತ್ರೆ. ಆಮೇಲೆ ಅದೇ ಪ್ರಸಂಗದ ತಾಳಮದ್ದಳೆ ಕೇಳಿ, ಪುಸ್ತಕ ತೊಡೆಯ ಮೇಲಿರಲಿ. ಹಾಡುವ ಭಾಗವತರು ಬಿಟ್ಟ ಪದ್ಯಕ್ಕೆ ಗೆರೆ, ಅರ್ಧ ಗಂಟೆ ಅರ್ಥ ಬೆಳೆದ ಪದ್ಯಕ್ಕೆ ಚುಕ್ಕಿ. ಆ ಚುಕ್ಕಿಗಳಿಂದ ಅನಿಸಿಕೆ ಶುರು ಮಾಡಿ. ಒಂದೇ ಕೂಟ ಕೇಳಿ ತೀರ್ಪು ಕೊಡಬೇಡಿ ಮತ್ತೆ, ಅರ್ಥ ಹೇಳುವ ಅರ್ಥಧಾರಿ ಬದಲಾದರೆ ಚುಕ್ಕಿಯೂ ಜಾಗ ಬದಲಿಸುತ್ತದೆ.

ಕಾದಂಬರಿಗೆ ಈ ಕ್ರಮ ನಡೆಯುವುದಿಲ್ಲ. ಅಧ್ಯಾಯ ಮುಗಿದಲ್ಲಿ ಒಂದು ಸಾಲು, ಪುಟಸಂಖ್ಯೆ ಸಮೇತ. ಬೇಜಾರು ಬಂದ ಪುಟವನ್ನೂ ಬರೆದಿಡಿ, ಮೆಚ್ಚಿದ ಪುಟಕ್ಕಿಂತ ಅದೇ ಉಪಯೋಗಕ್ಕೆ ಬರುತ್ತದೆ. ಕವನ ದಿನಕ್ಕೆ ಮೂರು ಸಾಕು, ಗಟ್ಟಿಯಾಗಿ ಓದಿ.

ಕೈಪಿಡಿಗೆ ಅನಿಸಿಕೆ ಎಂತಕ್ಕೆ? ಕೊಳೆರೋಗದ ಪುಟ ತೆಗೆಯಿರಿ. ಅದಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಎಲ್ಲರೂ ಬರೆಯುತ್ತಾರೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ ಅಂತ ನಿಮ್ಮ ಕೈಪಿಡಿಯಲ್ಲಿ ಉಂಟಾ? ಇಲ್ಲದಿದ್ದರೆ ಸೊನ್ನೆ ಕೊಡಿ.

ನೀವು ಹಾಕಿದ ಫೋಟೋದಲ್ಲಿ ಪುಸ್ತಕಗಳ ಮೇಲೆ ಕಂಡ ಹಳದಿ ಅಂಟುಚೀಟಿಗಳನ್ನು ಇವತ್ತೇ ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಅಂಟು ಪುಟದಲ್ಲೇ ಉಳಿದು ಧೂಳು ಹಿಡಿಯುತ್ತದೆ. ಜೆಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ. ಗುರುತಿಗೆ ನಟರಾಜ ಎಚ್‌ಬಿ ಪೆನ್ಸಿಲ್ ಸಾಕು. 2ಬಿ ಎದುರಿನ ಪುಟವನ್ನು ಮಸಿ ಮಾಡುತ್ತದೆ. ಕಪಾಟು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಇರಲಿ. ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಇರುವಾಗ ಉಜ್ಜಬೇಡಿ, ಕಾಗದದ ಒಳಗೇ ಹೋಗುತ್ತದೆ. ಫ್ಯಾನಿನಡಿ ಪುಟ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಅಂಗಳದಲ್ಲಿ ನಿಂತು ಮೆತ್ತನೆ ಬ್ರಷ್ಷಲ್ಲಿ ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು.